ಮೀನಿನ ಹೊಟ್ಟೆ ಮತ್ತು ಆಕಳ ರೊಟ್ಟಿ

ಮೊನ್ನೆ ಮುಧೋಳದಲ್ಲಿ ಒಂದು ಮದುವೆ ಊಟ. ಪಂಕ್ತಿಯಲ್ಲಿ ಕೂತ ನನ್ನ ತಾಟಿಗೆ ಬಟಾಣಿ ಹಾಕಿದ ಪಲಾವು ಬಿತ್ತು. ಪಕ್ಕದಲ್ಲಿದ್ದ ಬೀಗರ ಕಡೆಯ ಹಿರಿಯರು ಕಬ್ಬಿನ ಕಟಾವು, ಬೋರಿನ ನೀರು, ಸೊಸೆಯಂದಿರ ಓದು ಎಂದು ಏನೇನೋ ಮಾತಾಡುತ್ತಿದ್ದರು. ನಾನು ಹೂಂಗುಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರ ಮಾತು ನಿಂತಿತು. ನೋಡಿದರೆ ಅವರ ಕಣ್ಣು ನನ್ನ ತಾಟಿನ ಮೇಲಿದೆ. ನಾನು ನನಗೆ ಗೊತ್ತಿಲ್ಲದೆಯೇ ಪಲಾವಿನ ಬಟಾಣಿಗಳನ್ನು ಆರಿಸಿ, ಉಗುರಿನಿಂದ ಸಿಪ್ಪೆ ಸುಲಿದು, ಹೋಳು ಮಾಡಿ, ತಾಟಿನ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದೆ.

"ಹಲ್ಲಿಂದೇನರ ತ್ರಾಸ ಐತೇನ್ರಿ?" ಎಂದು ಕೇಳಿದರು.

"ಇಲ್ರಿ. ಮೀನಿನ ಹೊಟ್ಟೀದು," ಎಂದೆ.

ಅವರು ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ಅದು ಒಳ್ಳೆಯದೇ ಆಯಿತು. ಆದರೆ ಬಡಿಸುವವನು ಬಿಡಬೇಕಲ್ಲ. ಸಾಕು ಎಂದು ಎರಡೂ ಕೈ ಅಡ್ಡ ಹಿಡಿದರೆ, ಬೆರಳುಗಳ ಸಂದಿಯಿಂದ ಹೋಳಿಗೆ ತೂರಿಸಿ, "ಒಂದ ಹೋಳಿಗಿ ಏನ ಮಾಡ್ತೈತ್ರಿ? ಏನೂ ಆಗೂದಿಲ್ಲ," ಎಂದು ಮುಂದಕ್ಕೆ ಹೋದ.

ಈ "ಏನೂ ಆಗೂದಿಲ್ಲ" ಎನ್ನುವ ಮಾತಿನ ಮೇಲೆ ನನಗಿರುವ ಸಿಟ್ಟು ಸಣ್ಣದಲ್ಲ. ನಮ್ಮ ಕಡೆ ಯಾರೂ ಯಾರನ್ನೂ ಉಪವಾಸ ಕೆಡವುವುದಿಲ್ಲ, ಉಣಿಸಿಯೇ ಕೆಡವುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಹೋಳಿಗೆ, ಬಿ.ಪಿ. ಇದ್ದವರಿಗೆ ಹಪ್ಪಳ ಉಪ್ಪಿನಕಾಯಿ, ಈಗಷ್ಟೇ ಉಂಡು ಬಂದೆ ಎಂದವನಿಗೆ ತಾಟು ತುಂಬ ಒಗ್ಗರಣೆ ಅವಲಕ್ಕಿ. ತಿನ್ನದಿದ್ದರೆ ಅವರಿಗೆ ಸಿಟ್ಟು, ತಿಂದರೆ ನನಗೆ ಸಿಟ್ಟು. ಮನುಷ್ಯನಿಗಾದರೆ ಅಡ್ಡ ಹಿಡಿಯಲು ಎರಡು ಕೈಯಾದರೂ ಇವೆ. ಮೀನಿಗೆ ಏನಿದೆ ಹೇಳಿ.

ಹೌದು, ನಾನು ಸಿಟ್ಟಿನ ಮನುಷ್ಯ. ನಾನು ಕೆಲಸ ಮಾಡುವುದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ. ದಿನವಿಡೀ ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುತ್ತೇನೆ. ಇಷ್ಟು ಸಿಹಿಯ ನಡುವೆ ಇದ್ದೂ ನಾಲಿಗೆ ಹೀಗೆ ಯಾಕೆ ಎಂದು ನನ್ನ ಹೆಂಡತಿ ಮಹಾದೇವಿ ಬಂದವರೆದುರಿಗೆಲ್ಲ ಕೇಳುತ್ತಾಳೆ. ಈ ಮೀನಿನ ಕತೆ ಕೇಳಿದ ಮೇಲೆ ನೀವೇ ಹೇಳಿ, ನನ್ನ ಜಾಗದಲ್ಲಿ ನೀವಿದ್ದರೆ ನಗುತ್ತಿದ್ದಿರಾ ಎಂದು.

ಮೀನು ಬೇಕು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಜಮಖಂಡಿಯಲ್ಲಿ ಮನೆ ಕಟ್ಟಿ ಗೃಹಪ್ರವೇಶ ಮಾಡಿದಾಗ ಎಲ್ಲರೂ ಸ್ಟೀಲಿನ ಪಾತ್ರೆ, ಗೋಡೆ ಗಡಿಯಾರ ತಂದರು. ಗಡಿಯಾರಗಳು ಎಷ್ಟು ಬಂದವೆಂದರೆ ಕೋಣೆಗಳೇ ಸಾಲಲಿಲ್ಲ. ಮಹಾದೇವಿಯ ತಮ್ಮ ಮಾತ್ರ ಬನಹಟ್ಟಿಯಿಂದ ಟೆಂಪೋದಲ್ಲಿ ಒಂದು ಗಾಜಿನ ತೊಟ್ಟಿ ತಂದ, ಒಳಗೆ ನಾಲ್ಕಾರು ಮೀನು. "ಮಾಮಾ, ಈಶಾನ್ಯಕ್ಕ ಇಡ್ರಿ, ಲಕ್ಷ್ಮಿ ಬರ್ತಾಳ," ಎಂದ. ನಮ್ಮ ಮನೆಯ ಈಶಾನ್ಯ ಎಂದರೆ ಅಡುಗೆಮನೆಯ ಬಾಗಿಲ ಮಗ್ಗುಲು. ಅಲ್ಲೇ ಇಟ್ಟೆವು. ಲಕ್ಷ್ಮಿ ಬರಲಿಲ್ಲ, ಗಾಳಿ ಬಿಡುವ ಪಂಪು ಹಗಲೂ ರಾತ್ರಿ ಗುರ್ ಎನ್ನುವುದರಿಂದ ಕರೆಂಟಿನ ಬಿಲ್ಲು ಬಂತು. ಒಂದು ವರ್ಷದಲ್ಲಿ ಮೀನುಗಳು ಒಂದರ ಹಿಂದೆ ಒಂದು ಸತ್ತು, ಕೊನೆಗೆ ಉಳಿದದ್ದು ಒಂದೇ ಒಂದು. ಕೇಸರಿ ಬಣ್ಣ, ಗುಂಡು ಮೈ, ಸೆರಗಿನಂಥ ಬಾಲ. ಅಂಗಡಿಯವರು ಗೋಲ್ಡ್ ಫಿಶ್ ಎನ್ನುತ್ತಾರೆ. ನಮ್ಮ ಅವ್ವ ಬಂಗಾರಿ ಎಂದು ಕರೆದಳು.

ಅವ್ವನಿಗೆ ಎಪ್ಪತ್ತು ದಾಟಿದೆ. ಗಲಗಲಿಯ ಕಡೆ, ಕೃಷ್ಣಾ ಹೊಳೆಯ ದಂಡೆಯ ಊರಲ್ಲಿ ಬಾಳಿದವಳು. ಹೊಳೆ ಏರಿ ಊರೊಳಗೆ ಬಂದ ವರ್ಷ ನಾವು ಅಲ್ಲಿಂದ ಎದ್ದೆವು. ಹೊಲ ಈಗಲೂ ಅಲ್ಲೇ ಇದೆ, ಪಾಲಿಗೆ ಕೊಟ್ಟಿದ್ದೇವೆ. ಮನೆ ಹೋಯಿತು, ಗಂಗಿ ಎಂಬ ಆಕಳು ಹೋಯಿತು. ಮನೆಯ ವಿಷಯ ಎಷ್ಟು ಬೇಕಾದರೂ ಮಾತಾಡುತ್ತೇವೆ, ಆಕಳ ವಿಷಯ ಯಾರೂ ಎತ್ತುವುದಿಲ್ಲ. ಅಲ್ಲಿದ್ದಾಗ ಅವ್ವ ಹಂಚಿನ ಮೇಲಿಂದ ತೆಗೆದ ಮೊದಲ ರೊಟ್ಟಿಯನ್ನು ಗಂಗಿಗೆ ಹಾಕಿಯೇ ಉಳಿದವರಿಗೆ ಬಡಿಸುತ್ತಿದ್ದಳು. ನಾವು ಕೆಲಸಕ್ಕೆ ಹೊತ್ತಾಯಿತೆಂದು ಎಷ್ಟೇ ಒದರಾಡಿದರೂ ಮೊದಲ ರೊಟ್ಟಿ ನಮಗೆ ಸಿಗುತ್ತಿರಲಿಲ್ಲ. ಹಿತ್ತಲಿನಲ್ಲಿ ಗಂಗಿ ಮೆಲ್ಲಗೆ ಅಗಿಯುವ ಸದ್ದು ಕೇಳುತ್ತಾ ಎರಡನೆಯ ರೊಟ್ಟಿಗೆ ಕಾಯುತ್ತಿದ್ದೆವು.

ಜಮಖಂಡಿಗೆ ಬಂದ ಮೇಲೆ ಮೊದಲ ರೊಟ್ಟಿ ಅನಾಥವಾಯಿತು. ಓಣಿಯಲ್ಲಿ ತಿರುಗುವ ಆಕಳುಗಳಿಗೆ ಹಾಕೆಂದು ನಾನೇ ಹೇಳಿದೆ. ಕೆಲವು ದಿನ ಹಾಕಿದಳು. ಆಮೇಲೆ, "ಅವು ಯಾರ ಮನೀವೂ ಅಲ್ಲ ತಮ್ಮಾ. ಪ್ಲಾಸ್ಟಿಕ್ಕೂ ತಿಂತಾವು, ರೊಟ್ಟೀನೂ ತಿಂತಾವು. ಮನ್ಯಾಗಿನ ಜೀವಕ್ಕ ಹಾಕಬೇಕು," ಎಂದಳು. ನಮ್ಮ ಮನೆಯಲ್ಲಿ ಬಾಲವಿದ್ದ ಜೀವ ಒಂದೇ. ಹಂಚಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಗಾಜಿನೊಳಗೆ ಈಜಾಡುತ್ತಿತ್ತು.

ಹೀಗೆ ಆಕಳ ರೊಟ್ಟಿ ಮೀನಿಗೆ ಬಂತು.

ಮೀನಿನ ಆಹಾರ ಎಂದು ಒಂದು ಡಬ್ಬಿ ತೊಟ್ಟಿಯ ಜೊತೆಗೇ ಬಂದಿತ್ತು. ಅವ್ವ ಅದರ ಮುಚ್ಚಳ ತೆಗೆದು ಮೂಸಿ ನೋಡಿ, "ಇದ್ರಾಗ ಏನ ಹಾಕ್ಯಾರ, ಓದು," ಎಂದಳು. ನಾನು ದಡ್ಡ, ಓದಿದೆ. ಮೀನಿನ ಪುಡಿ, ಸೀಗಡಿ. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ, ಅದೂ ದೇವರ ಜಗುಲಿಗೂ ಒಲೆಗೂ ನಡುವೆ ಸೀಗಡಿ! "ಮೀನಿಗೆ ಮೀನ ತಿನಸ್ತೀರೇನಲೇ, ಪಾಪಿಗೋಳ?" ಎಂದು ಆ ಡಬ್ಬಿಯನ್ನು ಹೊರಗೆ ಚಪ್ಪಲಿ ಇಡುವ ಕಟ್ಟೆಗೆ ಸಾಗಿಸಿದಳು. ಆವತ್ತಿನಿಂದ ಬಂಗಾರಿ ಶುದ್ಧ ಶಾಕಾಹಾರಿಯಾಯಿತು. ಬೆಳಿಗ್ಗೆ ಜೋಳದ ರೊಟ್ಟಿ. ಮಧ್ಯಾಹ್ನ ಯಾರಾದರೂ ಬಂದರೆ ಅವರ ತಾಟಿನಿಂದ ಚುರುಮುರಿ. ಹಬ್ಬಕ್ಕೆ ಕರಿಗಡಬಿನ ಅಂಚು. ಬಂದವರೆಲ್ಲ ಗಾಜು ಬಡಿದು, ಚಿಟಿಕೆ ಹಾಕಿ, ಒಳಗೆ ಏನಾದರೂ ಉದುರಿಸದೆ ಹೋಗುತ್ತಿರಲಿಲ್ಲ. ನಾನು ಕಣ್ಣು ಕೆಂಪಗೆ ಮಾಡಿದರೆ ಅದೇ ಮಾತು, "ಒಂದ ಕಾಳಿಗಿ ಏನೂ ಆಗೂದಿಲ್ಲ ಬಿಡ್ರಿ."

ಆಯಿತು. ಒಂದು ದಿನ ನೋಡಿದರೆ ಬಂಗಾರಿಯ ಹೊಟ್ಟೆ ಒಂದು ಕಡೆ ಉಬ್ಬಿದೆ. ಈಜಲು ಹೋದರೆ ಮಗ್ಗುಲಾಗಿ ವಾಲುತ್ತದೆ, ತಳಕ್ಕೆ ಹೋಗಲಾರದೆ ಮೇಲೆ ತೇಲುತ್ತದೆ, ಬಾಲದ ಕೆಳಗೆ ಬಿಳಿ ನೂಲಿನಂಥದ್ದು ಅರ್ಧ ಹೊರಗೆ ಬಂದು ಅಲ್ಲೇ ಜೋತಾಡುತ್ತಿದೆ. ಮಲಬದ್ಧತೆ ಎಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಲ್ಯಾಬಿನಲ್ಲಿ ಮೂವತ್ತು ವರ್ಷ ಕೂತು ಕೆಲಸ ಮಾಡಿದವನು ನಾನು. ಆ ಮೀನಿನ ಮುಖ ನೋಡಿ ನನಗೆ ನನ್ನದೇ ಎಷ್ಟೋ ಬೆಳಗುಗಳು ನೆನಪಾದವು.

ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಬನಹಟ್ಟಿಯ ಮೀನಿನ ಅಂಗಡಿಗೆ ಹೋದೆ. ಅಂಗಡಿಯವನು ಫೋಟೋವನ್ನು ದೊಡ್ಡದು ಮಾಡಿ ಕೂಡ ನೋಡಲಿಲ್ಲ. "ಹೊಸಾದ ಒಯ್ಯಿರಿ ಸರ್. ಇದಕ್ಕ ಔಷಧ ಹಾಕೂದಕ್ಕಿಂತ ಅದ ಸಸ್ತಾ ಬೀಳ್ತೈತಿ," ಎಂದ. ಹೇಳುತ್ತಲೇ ಜಾಲರಿ ತೊಟ್ಟಿಗೆ ಇಳಿಸಿದ್ದ. ನನ್ನ ಮೈ ಉರಿದುಹೋಯಿತು. "ನಿಮ್ಮ ಮನ್ಯಾಗ ಯಾರಿಗರ ಹೊಟ್ಟಿ ಉಬ್ಬಿದ್ರ ಹೊಸಾವ್ರನ್ನ ತರ್ತೀರೇನ್ರಿ?" ಎಂದು ಕೇಳಿ ಹೊರಗೆ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಇನ್ನೂ ನಾಲ್ಕು ಮಾತು ಅನ್ನಬೇಕಿತ್ತು ಅನಿಸಿ ಮತ್ತೆ ಸಿಟ್ಟು ಬಂತು.

ಮನೆಗೆ ಬಂದರೆ ಪಕ್ಕದ ಮನೆಯ ಈರಣ್ಣ ಮಾಸ್ತರರು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನಿವೃತ್ತರು, ಹೊತ್ತು ಹೋಗಬೇಕು. "ಔಡಲೆಣ್ಣಿ ಎರಡ ಹನಿ ನೀರಿಗಿ ಬಿಡ್ರಿ. ತಾಸಿನ್ಯಾಗ ಸಾಫ್," ಎಂದರು.

ಔಡಲೆಣ್ಣೆ, ಅಂದರೆ ಹರಳೆಣ್ಣೆ! ಆ ಹೆಸರು ಕೇಳಿದರೆ ಈಗಲೂ ನನ್ನ ಕೈ ತಾನಾಗಿ ಮೂಗಿಗೆ ಹೋಗುತ್ತದೆ. ಚಿಕ್ಕಂದಿನಲ್ಲಿ ಹೊಟ್ಟೆನೋವು ಎಂದು ಬಾಯಿ ತಪ್ಪಿ ಅಂದರೆ ಸಾಕು, ಅವ್ವ ಮೊದಲು ಊಟ ಬಂದ್ ಮಾಡುತ್ತಿದ್ದಳು. "ಲಂಗಣಾ ಹಾಕು, ಹೊಟ್ಟಿ ಹಗರ ಆಗ್ತೈತಿ." ಮರುದಿನ ಬೆಳಿಗ್ಗೆ ಚಹಾದಲ್ಲಿ ಔಡಲೆಣ್ಣೆ ಬೆರೆಸಿ, ನನ್ನನ್ನು ತೊಡೆಗಳ ನಡುವೆ ಸಿಗಿಸಿ, ಮೂಗು ಹಿಡಿದು ಕುಡಿಸುತ್ತಿದ್ದಳು. ಚಹಾದ ಮೇಲೆ ಎಣ್ಣೆಯ ಬಿಲ್ಲೆಗಳು ತೇಲುತ್ತಿದ್ದವು. ಹೊಟ್ಟೆ ಖಾಲಿ, ಕಾಲಲ್ಲಿ ಬಲವಿಲ್ಲ, ಹೊಳೆದಂಡೆಯ ಜಾಲಿ ಗಿಡಗಳ ಮರೆಗೆ ಓಡುವುದು, ಬರುವುದು, ಮತ್ತೆ ಓಡುವುದು. ಆ ಇಡೀ ಹೊತ್ತು ಅವಳ ಕಣ್ಣಲ್ಲಿ ಒಂದು ಹನಿ ಕರುಣೆ ಇದ್ದದ್ದು ನನಗೆ ನೆನಪಿಲ್ಲ. ಸಂಜೆ ಕೊಡುತ್ತಿದ್ದ ತೆಳ್ಳಗಿನ ಮಜ್ಜಿಗೆ ಅನ್ನದ ರುಚಿ ಮಾತ್ರ ಚೆನ್ನಾಗಿ ನೆನಪಿದೆ.

ಮಾಸ್ತರರನ್ನು ಕೈಮುಗಿದು ಕಳಿಸಿ ಮೊಬೈಲು ಹಿಡಿದು ಕೂತೆ. ಬೇರೆ ಬೇರೆ ದೇಶದ ಜನ ಮೀನಿನ ಮಲದ ಬಗ್ಗೆ ಎಷ್ಟು ಶ್ರದ್ಧೆಯಿಂದ ಮಾತಾಡುತ್ತಾರೆ ಎಂದರೆ ನನಗೆ ಗೌರವವೇ ಬಂತು. ಈ ಜಾತಿಯ ಮೀನಿಗೆ ಹೊಟ್ಟೆಯ ಚೀಲವೇ ಇಲ್ಲವಂತೆ. ತಿಂದದ್ದು ನೇರ ಕರುಳಿಗೆ. ಒಣ ರೊಟ್ಟಿಯಂಥದ್ದು ಒಳಗೆ ಹೋಗಿ ಉಬ್ಬಿದರೆ ಕರುಳು ಕಟ್ಟಿಕೊಳ್ಳುತ್ತದೆ. ಹುರುಪೆಗಳು ಮೈಯಿಂದ ನಿಗುರಿ ನಿಂತಿದ್ದರೆ ಬೇರೆ ದೊಡ್ಡ ರೋಗ, ಆಸೆ ಕಡಿಮೆ. ಬರೀ ಉಬ್ಬರವಾದರೆ ಎರಡು ಮೂರು ದಿನ ಏನೂ ಹಾಕಬಾರದು. ಆಮೇಲೆ ಬೇಯಿಸಿದ ಹಸಿ ಬಟಾಣಿ, ಸಿಪ್ಪೆ ಸುಲಿದು, ಉಪ್ಪಿಲ್ಲದೆ, ಚೂರು ಚೂರು. ಬೇಕಿದ್ದರೆ ಬೇರೆ ಪಾತ್ರೆಯಲ್ಲಿ ಭೇದಿಗೆ ಬಳಸುವ ಎಪ್ಸಮ್ ಸಾಲ್ಟಿನ ನೀರಲ್ಲಿ ಸ್ವಲ್ಪ ಹೊತ್ತು ಬಿಡಬಹುದು. ಟಾರ್ಚು ಹಾಕಿ ನೋಡಿದೆ. ಬಂಗಾರಿಯ ಹುರುಪೆಗಳು ಮೈಗೆ ಅಂಟಿಕೊಂಡೇ ಇದ್ದವು. ಆಸೆ ಇತ್ತು. ಉಪವಾಸ ಕೆಡವಿದರೆ ಬದುಕುತ್ತದೆ, ಮತ್ತೆ ಒಂದು ಚೂರು ರೊಟ್ಟಿ ಬಿದ್ದರೆ ಸಾಯುತ್ತದೆ. ಲೆಕ್ಕ ಇಷ್ಟೇ.

ಮರುದಿನ ಬೆಳಿಗ್ಗೆ ಮನೆಯವರನ್ನೆಲ್ಲ ತೊಟ್ಟಿಯ ಮುಂದೆ ನಿಲ್ಲಿಸಿ ಹೇಳಿದೆ. "ಎರಡ ಮೂರ ದಿನಾ ಇದಕ್ಕ ಏನೂ ಹಾಕಬ್ಯಾಡ್ರಿ. ಒಂದ ಕಾಳ ಸೈತ."

"ಸಾಯಂಗಿಲ್ಲೇನ?" ಎಂದಳು ಅವ್ವ.

"ಹಾಕಿದ್ರ ಸಾಯ್ತೈತಿ."

"ಮತ್ತ ನಾವು?"

"ನಾವ್ಯಾಕ ಸಾಯೂನು? ನಾವು ಉಣ್ಣೂನು."

"ಅದರ ಮುಂದ ಕುಂತು?" ಎಂದಳು. ಅಷ್ಟು ಹೇಳಿ ಒಳಗೆ ಹೋದಳು.

ಅವತ್ತು ಸೋಮವಾರ. ಅವ್ವ ಬೆಳಿಗ್ಗೆ ಎದ್ದವಳೇ ಎಂದಿನಂತೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದ್ದಳು. ನಾಷ್ಟಾಕ್ಕೆ ಕರೆದರೆ, "ಇವತ್ತ ನಂದ ಸೋಮವಾರ," ಎಂದಳು. ಅವಳ ಸೋಮವಾರ ನಮಗೆ ಗೊತ್ತಿಲ್ಲದ್ದೇನಲ್ಲ. ಸಾಬುದಾಣಿ, ಶೇಂಗಾದುಂಡಿ, ಬಾಳೆಹಣ್ಣು, ಹಾಲು ಸೇರಿ ಉಳಿದ ವಾರಗಳಿಗಿಂತ ಒಂದು ತೂಕ ಜಾಸ್ತಿಯೇ ಒಳಗೆ ಹೋಗುತ್ತಿತ್ತು. ಆದರೆ ಅವತ್ತು ಅದನ್ನೂ ಮುಟ್ಟಲಿಲ್ಲ. ಅರ್ಧ ಕಪ್ಪು ಚಹಾ ಕುಡಿದು ತೊಟ್ಟಿಯ ಕಡೆ ಬೆನ್ನು ಮಾಡಿ ಕೂತಳು. ಸಂಜೆಯೂ ಬೇಡ ಎಂದಳು.

ಮಂಗಳವಾರ ಬೆಳಿಗ್ಗೆಯೂ ತಾಟಿಗೆ ಬರಲಿಲ್ಲ.

"ಇವತ್ತ ಏನ ವಾರ ಗೊತ್ತೈತೇನ ಬೇ?" ಎಂದೆ.

"ಸೋಮವಾರ."

"ಮಂಗಳವಾರ!"

"ನಂದಿನ್ನಾ ಸೋಮವಾರ ಮುಗದಿಲ್ಲ," ಎಂದಳು.

ಮಹಾದೇವಿ ನಕ್ಕಳು. ನನಗೆ ನಗು ಬರಲಿಲ್ಲ. ಊಟವಿಲ್ಲದೆ ಗುಳಿಗೆ ನುಂಗಬಾರದು, ಗುಳಿಗೆ ಇಲ್ಲದಿದ್ದರೆ ಸಕ್ಕರೆ ಏರುತ್ತದೆ, ನುಂಗಿ ಉಣ್ಣದಿದ್ದರೆ ಇಳಿಯುತ್ತದೆ. ಅವ್ವನ ಡಾಕ್ಟರರು ಇದನ್ನು ನನ್ನೆದುರಿಗೇ ಹತ್ತಾರು ಸಲ ಹೇಳಿದ್ದಾರೆ. ಒಂದು ಕಡೆ ಮೀನಿಗೆ ಅನ್ನ ಹಾಕಿದರೆ ಮೀನು ಸಾಯುತ್ತದೆ, ಇನ್ನೊಂದು ಕಡೆ ಹಾಕದಿದ್ದರೆ ಅವ್ವ ನೆಲ ಹಿಡಿಯುತ್ತಾಳೆ. ನಡುವೆ ನಾನು, ಗಾಜಿಗೆ ಮೂಗು ಒತ್ತಿಕೊಂಡು ಒಂದು ಮೀನು ಯಾವಾಗ ಹೊರಕಡೆ ಹೋಗುತ್ತದೋ ಎಂದು ಕಾಯುತ್ತಾ ಕೂತವನು. ಕಾರ್ಖಾನೆಗೆ ರಜೆ ಹಾಕಿದ್ದೆ. ಕಾರಣ ಏನು ಎಂದು ಕೇಳಿದಾಗ "ಮನೆಯಲ್ಲಿ ಹುಷಾರಿಲ್ಲ" ಎಂದಿದ್ದೆ. ಯಾರಿಗೆ ಎಂದು ಹೇಳುವ ಧೈರ್ಯವಾಗಲಿಲ್ಲ.

ಮಧ್ಯಾಹ್ನ ಅವ್ವ ನೀರು ಕುಡಿಯಲು ಎದ್ದವಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಹಣೆಯ ಮೇಲೆ ಬೆವರು, ಕೈ ನಡುಗುತ್ತಿತ್ತು. ಅವತ್ತೂ ಗುಳಿಗೆ ನುಂಗಿದ್ದಳು, ಹೇಳಿರಲಿಲ್ಲ. ಮಹಾದೇವಿ ಓಡಿಹೋಗಿ ಬೆಲ್ಲದ ಚೂರು ತಂದು, "ಅತ್ತಿ, ಇದ ಊಟಲ್ಲ, ಔಷಧರಿ, ಬಾಯಿ ತಗೀರಿ," ಎಂದು ಬಾಯಿಗಿಟ್ಟಳು. ಔಷಧ ಎಂದ ಕಾರಣಕ್ಕೆ ಅವ್ವ ಬಾಯಿ ತೆರೆದಳು. ಒಂದು ಚೂರಲ್ಲ, ಮೂರು ಚೂರು ತಿನ್ನಿಸಿ, ಗೋಡೆಗೆ ಒರಗಿಸಿ ಕೂಡಿಸಿದೆವು. ಮೆಲ್ಲಗೆ ನಡುಕ ನಿಂತಿತು.

ಅವಳ ನಡುಕ ನಿಂತ ಮೇಲೆ ನನ್ನದು ಶುರುವಾಯಿತು. ಓಣಿಯ ಕೊನೆಗೆ ಕೇಳುವಂತೆ ಕೂಗಾಡಿದೆ. "ಒಂದ ಮೀನಿನ ಸಲುವಾಗಿ ನಮ್ಮನ್ನ ಯಾಕ ಹಿಂಗ ಹೆದರಸ್ತಿ? ನನಗ ಎರಡೆರಡ ದಿನಾ ಲಂಗಣಾ ಹಾಕಿಸಿ, ಮೂಗ ಹಿಡದ ಔಡಲೆಣ್ಣಿ ಕುಡಿಸ್ತಿದ್ದಿ. ಆವಾಗ ನೀ ಉಪವಾಸ ಕುಂತಿದ್ದೇನ? ನಿನ್ನ ಮಗಾ ಆ ಮೀನಕ್ಕಿಂತ ಕಡಿಮಿ ಆದ್ನೇನ?"

ಅವ್ವ ಸೀರೆಯ ಸೆರಗಿನಿಂದ ಹಣೆ ಒರೆಸಿಕೊಂಡಳು.

"ನಿನಗ ಬಾಯಿ ಇತ್ತಲೇ. ಹಸವಾದ್ರ ಊರ ಕೂಡೂಹಂಗ ಒದರತಿದ್ದಿ. ಈಗ ಒದರಾಕತ್ತಿಯಲ್ಲ, ಹಂಗ," ಎಂದಳು. ತೊಟ್ಟಿಯ ಕಡೆಗೆ ತಿರುಗಿ ಕೂತಳು. ಆಮೇಲೆ, "ಹೊಳಿ ಬಂದಾಗ ಗಂಗೀನ ದೋಣ್ಯಾಗ ಹತ್ತಸಗೊಡಲಿಲ್ಲ. ಕಣ್ಣಿ ಬಿಚ್ಚಿ ಬಿಟ್ಟ ಬಂದ್ನಿ. ಅವತ್ತ ಬೆಳಿಗ್ಗೆ ಒಲಿ ಹಚ್ಚಿರಲಿಲ್ಲ, ಅದಕ್ಕ ರೊಟ್ಟೀನೂ ಹಾಕಿರಲಿಲ್ಲ. ಸಂಜೀಕ ಗಂಜಿ ಕೇಂದ್ರದ ಸಾಲ್ಯಾಗ ನಮ್ಮನ್ನೆಲ್ಲ ಕುಂಡರಿಸಿ ಅನ್ನಾ ಸಾರು ನೀಡಿದ್ರು ನೋಡು," ಎಂದಳು.

"ಹೂಂ."

"ಉಂಡ್ನಿ. ಎರಡನೇ ಸಲಾನೂ ಕೇಳಿ ನೀಡಿಸಿಕೊಂಡ್ನಿ. ಹೊಟ್ಟಿ ತುಂಬ ಉಂಡ್ನಿ ತಮ್ಮಾ."

ಅವತ್ತು ನಾನೂ ಆ ಪಂಕ್ತಿಯಲ್ಲಿ ಅವಳ ಪಕ್ಕದಲ್ಲೇ ಕೂತಿದ್ದೆ. ಅವ್ವ ಉಂಡಳಲ್ಲ, ಗಟ್ಟಿ ಇದ್ದಾಳೆ ಎಂದು ಸಮಾಧಾನಪಟ್ಟಿದ್ದೆ. ಇಷ್ಟು ವರ್ಷ ಅವಳು ಆ ಊಟವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ನನಗೆ ಆಗ ಯಾರ ಮೇಲೆ ಸಿಟ್ಟು ಬಂತೋ ಗೊತ್ತಿಲ್ಲ. ಹೊಳೆಯ ಮೇಲೆ ಬಂತು, ದೋಣಿಯವರ ಮೇಲೆ ಬಂತು, ಸತ್ತೋ ಬದುಕಿತೋ ಒಂದು ಸುದ್ದಿಯನ್ನೂ ಕೊಡದ ಆ ಆಕಳ ಮೇಲೂ ಬಂತು. ಅವ್ವನ ಮೇಲೆ ಮಾತ್ರ ಬರಲಿಲ್ಲ. ಬರಲಿ ಎಂದು ಪ್ರಯತ್ನ ಪಟ್ಟೆ, ಯಾಕೆಂದರೆ ಅತ್ತುಬಿಡುವುದಕ್ಕಿಂತ ಬೈಯುವುದು ನನಗೆ ಸುಲಭ.

ಅಡುಗೆಮನೆಗೆ ಹೋಗಿ ಬಟಾಣಿ ಬೇಯಲು ಇಟ್ಟೆ. ಇನ್ನೊಂದು ದಿನ ಕಾಯಬೇಕು ಎಂದು ಆ ದೇಶದವರು ಹೇಳಿದ್ದರು. ಅವರ ಮನೆಯಲ್ಲಿ ನಮ್ಮ ಅವ್ವ ಇರಲಿಲ್ಲ.

"ಚಿಟಿಕಿ ಉಪ್ಪ ಹಾಕಲೇ. ಸಪ್ಪಂದು ಹೆಂಗ ತಿಂತೈತಿ?" ಎಂದು ಕೂತಲ್ಲಿಂದಲೇ ಶುರುಮಾಡಿದಳು.

"ಹಾಕಂಗಿಲ್ಲ!"

"ಜೀರಿಗಿ?"

"ಯವ್ವಾ!"

ಬೆಂದ ಬಟಾಣಿಯನ್ನು ಆರಿಸಿ ಅವಳ ಅಂಗೈಗೆ ಕೊಟ್ಟೆ. ಅವಳು ಸಿಪ್ಪೆ ಸುಲಿದಳು, ಉಗುರಿನಲ್ಲಿ ಸಣ್ಣಗೆ ಮುರಿದಳು. ಎದ್ದು ಬಂದು ಒಂದು ಚೂರನ್ನು ನೀರಿಗೆ ಬಿಟ್ಟಳು. ಬಂಗಾರಿ ಮಗ್ಗುಲಾಗಿಯೇ ವಾಲುತ್ತಾ ಬಂದು ಬಾಯಿಗೆ ಹಾಕಿಕೊಂಡಿತು, ಉಗುಳಿತು. ಮೂವರೂ ಉಸಿರು ಹಿಡಿದೆವು. ಮತ್ತೆ ಹಾಕಿಕೊಂಡಿತು. ಈ ಸಲ ಉಗುಳಲಿಲ್ಲ.

"ತಿಂತು," ಎಂದಳು ಅವ್ವ. ಕೈ ತೊಳೆದುಕೊಂಡು ಬಂದು, "ಮಾದೇವಿ, ನೀಡವಾ," ಎಂದು ಕೂತಳು. ರೊಟ್ಟಿ, ಹೆಸರುಕಾಳಿನ ಪಲ್ಲೆ, ಮೊಸರು ಎಲ್ಲ ಕೇಳಿ ಕೇಳಿ ಹಾಕಿಸಿಕೊಂಡು ಉಂಡಳು. ನಾನು ಮೊದಲ ಸಲ "ಇನ್ನೊಂದ ಹಾಕಿಸ್ಕೋ, ಏನೂ ಆಗೂದಿಲ್ಲ," ಎಂದೆ. ಮಹಾದೇವಿ ನನ್ನನ್ನು ವಿಚಿತ್ರವಾಗಿ ನೋಡಿದಳು.

ಬುಧವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಅವ್ವನ ಕೂಗು. "ಮಲ್ಲೂ! ಬಾರಲೇ! ಆತು, ಆತು!" ಬಾಯಲ್ಲಿ ಬುರುಗು ಇಟ್ಟುಕೊಂಡೇ ಓಡಿದೆ. ಬಂಗಾರಿಯ ಹಿಂದೆ ಹಸಿರು ಬಣ್ಣದ ಉದ್ದ ಎಳೆ ಬಿಡಿಸಿಕೊಂಡು ತಳಕ್ಕೆ ಇಳಿಯುತ್ತಿತ್ತು. ಮೀನು ಇನ್ನೂ ಸ್ವಲ್ಪ ವಾಲುತ್ತಿತ್ತು, ಆದರೆ ಕೆಳಗೆ ಇಳಿದು ಕಲ್ಲು ಮೂಸುವಷ್ಟು ಹಗುರಾಗಿತ್ತು. ಎಪ್ಪತ್ತು ದಾಟಿದವಳು, ಐವತ್ತು ದಾಟಿದವನು, ಇಬ್ಬರೂ ಮೊಣಕಾಲೂರಿ ಕೂತು ಅದನ್ನು ಕಣ್ತುಂಬ ನೋಡಿದೆವು. ಮಾಸ್ತರರು ಬಂದು ತಮ್ಮ ಔಡಲೆಣ್ಣೆಯಿಂದಲೇ ಆಯಿತೆಂದು ತಿಳಿದುಕೊಂಡು ಹೋದರು. ನಾನು ಬಿಡಿಸಿ ಹೇಳಲು ಹೋಗಲಿಲ್ಲ.

ಮೂರು ನಾಲ್ಕು ದಿನದಲ್ಲಿ ಬಂಗಾರಿ ನೆಟ್ಟಗೆ ಈಜತೊಡಗಿತು. ಚಪ್ಪಲಿ ಕಟ್ಟೆಯ ಮೇಲಿನ ಡಬ್ಬಿ ನನ್ನ ವಶಕ್ಕೆ ಬಂತು. ಹಾಕಿದ ಕೂಡಲೇ ಕೈ ತೊಳೆದುಕೊಳ್ಳುವ ಕರಾರಿನ ಮೇಲೆ ದಿನಕ್ಕೆ ಒಂದು ಚಿಟಿಕೆ ಹಾಕಲು ಅವ್ವ ಒಪ್ಪಿದಳು. ಬಂದವರು ಏನಾದರೂ ಉದುರಿಸಲು ಕೈ ಎತ್ತಿದರೆ ನಾನು ಬೈದೇ ಬೈಯುತ್ತೇನೆ, ನೆಂಟರು ಸಿಟ್ಟಾಗಿ ಹೋಗಿದ್ದೂ ಉಂಟು.

ಆದರೆ ಅವ್ವ ಉಪವಾಸ ಬಿಟ್ಟು ಮತ್ತೆ ರೊಟ್ಟಿ ಬಡಿದ ಮೊದಲ ಬೆಳಿಗ್ಗೆಯ ಮಾತು ಹೇಳಲೇಬೇಕು. ಮೈ ಸುಧಾರಿಸಿದ ಮೇಲೆ ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಹಂಚಿನಿಂದ ಮೊದಲನೆಯದನ್ನು ತೆಗೆದಳು. ನಾನು ತೊಟ್ಟಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ, ದಾರಿ ಕಟ್ಟಿ ನಿಂತಿದ್ದೆ. ಅವಳು ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಬಂದಳು.

"ಅತ್ತಾಗ ಸರಿ."

"ಸರಿಯಂಗಿಲ್ಲ."

"ಹಂಗಾರ ಇದನ್ನ ಯಾರಿಗೆ ಹಾಕ್ಲಿ?" ಎಂದು ಕೇಳಿದಳು.

ನಿಜವಾಗಿಯೂ ಕೇಳಿದಳು. ನನಗೆ ಮತ್ತೆ ಸಿಟ್ಟು ನೆತ್ತಿಗೇರಿತು, ಬೈಯಬೇಕೆಂದು ಬಾಯಿ ತೆರೆದೆ. ಅವಳು ಆ ತುತ್ತನ್ನು ನನ್ನ ಬಾಯಿಗೆ ಇಟ್ಟೇಬಿಟ್ಟಳು. ಬೆಣ್ಣೆಯಿಲ್ಲ, ಚಟ್ನಿಯಿಲ್ಲ, ಬರೀ ಬಿಸಿ ರೊಟ್ಟಿ. ಆಕಳ ಪಾಲಿಗೆ ಯಾರೂ ಬೆಣ್ಣೆ ಹಚ್ಚುವುದಿಲ್ಲ. ಕೈ ಅಗಲಿಸಿಕೊಂಡೇ ಅಗಿದೆ. ನಾನು ನುಂಗುವವರೆಗೂ ಅವಳು ನನ್ನ ಗಂಟಲನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ತನ್ನ ತಾಟು ಇಟ್ಟುಕೊಂಡು ಉಣ್ಣಲು ಕೂತಳು.